ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು

ಪ್ರಾತಃಕಾಲದಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗಾರ್ಚನೆಯನ್ನು ಸಾಂಗವಾಗಿ ನೆರವೇರಿಸಿದ ಭಕ್ತನು ಮಧ್ಯಾಹ್ನವಾಗುವುದರೊಳಗೆ ನೆರೆಯವನೊಡನೆ ಕಲಹಕ್ಕೆ ನಿಲ್ಲುವುದುಂಟು. ಮತ್ತೊಬ್ಬನು ಮಠಕ್ಕೆ ಸಹಸ್ರಗಟ್ಟಲೆ ಕಾಣಿಕೆಯನ್ನು ಸಲ್ಲಿಸಿಯೂ ರಾತ್ರಿ ನಿದ್ದೆಯಿಲ್ಲದೆ ಹೊರಳುವುದುಂಟು. ಹಾಗಾದರೆ ಧರ್ಮಾಚರಣೆಗೂ ಮನಸ್ಸಿನ ನೆಮ್ಮದಿಗೂ ನಡತೆಯ ಶುದ್ಧಿಗೂ ಇರುವ ಸಂಬಂಧವಾದರೂ ಯಾವುದು? ಈ ಪ್ರಶ್ನೆಗೆ ಶಾಸ್ತ್ರವಾಕ್ಯಗಳಿಗಿಂತ ಸ್ಪಷ್ಟವಾದ ಉತ್ತರವು ಶರಣರ ಜೀವನದಲ್ಲಿಯೇ ದೊರೆಯುತ್ತದೆ. ಅವರಲ್ಲಿಯೂ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯು ವಿಶೇಷವಾಗಿ ಮನನೀಯವಾದುದು. ಏಕೆಂದರೆ ಅವರು ಹುಟ್ಟಿನಿಂದಲೇ ಪ್ರಶಾಂತರಾಗಿ ಬೆಳೆದವರಲ್ಲ. ದುಃಖ, ನಿರಾಶೆ, ಕೋಪಗಳೆಂಬ ಮೂರು ಹೊಳೆಗಳನ್ನು ದಾಟಿ ಶಾಂತಿಯ ದಡವನ್ನು ಸೇರಿದವರು.

ಸೊನ್ನಲಿಗೆಯೆಂದರೆ ಈಗ ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಮುದ್ದುಗೌಡನೆಂಬ ಸದ್ಗೃಹಸ್ಥನೂ ಸುಗ್ಗವ್ವೆಯೆಂಬ ಆತನ ಪತ್ನಿಯೂ ಇದ್ದರು. ರೇವಣಸಿದ್ಧರ ಆಶೀರ್ವಾದದಿಂದ ಅವರಿಗೆ ಪುತ್ರೋದಯವಾಯಿತೆಂದು ರಾಘವಾಂಕ ಕವಿಯು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ವರ್ಣಿಸಿದ್ದಾನೆ. ಆದರೆ ಆ ಮಗು ಉಳಿದ ಮಕ್ಕಳಂತಿರಲಿಲ್ಲ. ಮಾತು ವಿರಳ, ಆಟಪಾಟಗಳಲ್ಲಿ ಆಸಕ್ತಿಯಿಲ್ಲ. ತನ್ನೊಳಗೆ ತಾನೇ ಮುಳುಗಿರುವ ಸ್ವಭಾವ. ಜನರು ಆತನನ್ನು ಜಡನೆಂದೇ ಬಗೆದರು. ತಂದೆತಾಯಿಗಳು ಹೊಲವನ್ನೂ ದನಕರುಗಳನ್ನೂ ಕಾಯುವ ಕೆಲಸಕ್ಕೆ ಆತನನ್ನು ಕಳುಹಿಸಿದರು.

ಒಂದು ದಿನ ಹೊಲದಲ್ಲಿ ಒಬ್ಬ ಜಂಗಮಮೂರ್ತಿಯು ಕಾಣಿಸಿಕೊಂಡನು. ತಾನು ಶ್ರೀಶೈಲದ ಮಲ್ಲಯ್ಯನೆಂದು ತಿಳಿಸಿ, ಬಾಲಕನು ಅರ್ಪಿಸಿದ ಎಳೆಯ ತೆನೆಯನ್ನು ಸ್ವೀಕರಿಸಿ, ಹೊಟ್ಟೆ ತಂಪಾಗಲು ಮಜ್ಜಿಗೆಯ ಅನ್ನವನ್ನು ಬಯಸಿದನು. ಬಾಲಕನು ಮನೆಗೆ ಓಡಿದನು. ಮಾತೇ ಆಡದ ಮಗನು ಹರ್ಷದಿಂದ ಮಾತನಾಡುವುದನ್ನು ಕಂಡು ಸುಗ್ಗವ್ವೆಯು ಬೆರಗಾಗಿ ಅನ್ನವನ್ನು ಕಟ್ಟಿಕೊಟ್ಟಳು. ಆತನು ಮರಳಿ ಬರುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ. ಬುತ್ತಿಯನ್ನು ಹಿಡಿದು ಹೊಲವೆಲ್ಲ ಅಲೆದು ಮಲ್ಲಯ್ಯನನ್ನು ಕೂಗುತ್ತ ಅತ್ತ ಆ ಬಾಲಕನ ದುಃಖವು ರಾಘವಾಂಕನ ಕಾವ್ಯದಲ್ಲಿ ಓದುಗರ ಕಣ್ಣನ್ನು ತೇವಗೊಳಿಸುವ ಭಾಗವಾಗಿದೆ.

ಶ್ರೀಶೈಲದ ಕಡೆಗೆ ಹೊರಟಿದ್ದ ಯಾತ್ರಿಕರು ಆತನನ್ನು ತಮ್ಮೊಡನೆ ಕರೆದೊಯ್ದರು. ಅಲ್ಲಿ ಗರ್ಭಗುಡಿಯ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದಾಗ ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತನ್ನ ಕೈಯಿಂದ ತೆನೆಯನ್ನು ಪಡೆದ ಮಲ್ಲಯ್ಯನೇ ಆತನಿಗೆ ಬೇಕಾಗಿದ್ದನು. ಗಿರಿಗಹ್ವರಗಳಲ್ಲಿ ಹುಡುಕಿ ಬಳಲಿದನು. ಕೊನೆಗೆ ಬದುಕೇ ಬೇಡವೆನಿಸಿ ಆಳವಾದ ಕಮರಿಯ ಅಂಚಿಗೆ ಬಂದು ನಿಂತನು. ಧುಮುಕಲು ಹೊರಟ ಆ ಕ್ಷಣದಲ್ಲಿ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಆತನನ್ನು ಹಿಡಿದೆತ್ತಿದನೆಂಬುದು ಚರಿತ್ರೆ.

ಇಲ್ಲಿ ಭಕ್ತರು ವಿಚಾರಿಸಬೇಕಾದ ಒಂದು ಸೂಕ್ಷ್ಮವಿದೆ. ಹಿಡಿದೆತ್ತಿದ ದೇವನು ಆ ನೊಂದ ಬಾಲಕನನ್ನು ಗದರಲಿಲ್ಲ. ದುರ್ಬಲನೆಂದು ಜರೆಯಲೂ ಇಲ್ಲ. ಮೊದಲು ಸಂತೈಸಿದನು, ಅನಂತರ ಒಂದು ಕಾರ್ಯವನ್ನು ಒಪ್ಪಿಸಿದನು. ಸೊನ್ನಲಿಗೆಗೆ ಹಿಂದಿರುಗಿ ಅದನ್ನು ಮತ್ತೊಂದು ಶ್ರೀಶೈಲವನ್ನಾಗಿ ಮಾಡಬೇಕೆಂಬುದೇ ಆ ಅಪ್ಪಣೆ. ನಿರಾಶೆಯಲ್ಲಿ ಮುಳುಗಿದವನಿಗೆ ಬೇಕಾದುದು ಹತ್ತಿರ ನಿಲ್ಲುವ ಒಬ್ಬರು, ಆ ಮೇಲೆ ಬದುಕುವುದಕ್ಕೆ ಒಂದು ಕಾರಣ. ಮನೆಯಲ್ಲಿ ಮಂಕಾಗಿ ಕುಳಿತ ಮಗನನ್ನೋ ಮಗಳನ್ನೋ ಭಕ್ತಿ ಸಾಲದೆಂದು ದೂಷಿಸುವ ಹಿರಿಯರು ಈ ಪ್ರಸಂಗವನ್ನು ಮರೆಯಬಾರದು. ಅಂಥವರ ಹತ್ತಿರ ಕುಳಿತು ಕೇಳುವುದೂ, ಅಗತ್ಯವಿದ್ದಲ್ಲಿ ವೈದ್ಯರಲ್ಲಿಗೆ ಕರೆದೊಯ್ಯುವುದೂ ಶಿವಸೇವೆಯೇ ಆಗಿದೆ.

ಸಿದ್ಧರಾಮರು ಊರಿಗೆ ಮರಳಿ ಕಾರ್ಯವನ್ನಾರಂಭಿಸಿದರು. ಮಲ್ಲಿಕಾರ್ಜುನನ ದೇಗುಲವನ್ನು ಕಟ್ಟಿಸಿದರು. ಊರಿನಲ್ಲಿ 68 ಲಿಂಗಗಳನ್ನು ಸ್ಥಾಪಿಸಿದರು. ಬಿಸಿಲಿನ ಆ ಸೀಮೆಯಲ್ಲಿ ಜನರಿಗೂ ದನಕರುಗಳಿಗೂ ನೀರಾಗಲೆಂದು ವಿಶಾಲವಾದ ಕೆರೆಯನ್ನು ತೋಡಿಸಿದರು. ಅವರನ್ನು ನಂಬಿ ಬಂದ ಶಿಷ್ಯರು ಗುದ್ದಲಿ ಹಿಡಿದು ಅಗೆದರು, ಬುಟ್ಟಿಯಲ್ಲಿ ಮಣ್ಣು ಹೊತ್ತರು. ಮಾತಿಲ್ಲದ ಬಾಲಕನು ಸಾವಿರಾರು ಜನರಿಗೆ ಆಸರೆಯಾದ ಕಾಯಕಯೋಗಿಯಾದನು. ದುಃಖವು ಲೋಕಹಿತವಾಗಿ ಮಾರ್ಪಟ್ಟಿತು.

ಆದರೆ ಚರಿತ್ರೆಯು ಇಲ್ಲಿಗೆ ಮುಗಿಯಲಿಲ್ಲ. ಸತ್ಕಾರ್ಯಕ್ಕೂ ಒಂದು ನೆರಳುಂಟು. ತಾನು ಮಾಡಿದೆನೆಂಬ ಭಾವವೇ ಆ ನೆರಳು. ಒಮ್ಮೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಸಂಗತಿಯನ್ನು ಚಾಮರಸನ ‘ಪ್ರಭುಲಿಂಗಲೀಲೆ’ಯೂ ಶೂನ್ಯಸಂಪಾದನೆಯೂ ವಿಸ್ತಾರವಾಗಿ ನಿರೂಪಿಸುತ್ತವೆ. ಪ್ರಭುಗಳು ಕೆರೆಯ ಕೆಲಸಗಾರರನ್ನು ಕಂಡು, ನಿಮ್ಮ ಒಡ್ಡರಾಮನೆಲ್ಲಿ ಎಂಬರ್ಥದಲ್ಲಿ ವಿಚಾರಿಸಿದರು. ಗುರುವನ್ನು ಹಳಿದನೆಂದು ಶಿಷ್ಯರು ಕೆರಳಿ ಕಲ್ಲುಗಳನ್ನು ತೂರಿದರು. ಆ ಕಲ್ಲುಗಳು ಪ್ರಭುಗಳನ್ನು ನೋಯಿಸಲಿಲ್ಲ. ಸುದ್ದಿ ತಿಳಿದ ಸಿದ್ಧರಾಮರೂ ಉರಿಯುತ್ತ ಬಂದು ಹಣೆಗಣ್ಣನ್ನು ತೆರೆದರು. ಆ ಬೆಂಕಿಯು ಪ್ರಭುಗಳನ್ನು ಮುಟ್ಟದೆ ತಮ್ಮ ಊರನ್ನೇ ಸುಡಲು ಹೊರಟಿತು. ಕಡೆಗೆ ಅದನ್ನು ಶಮನಗೊಳಿಸಿದವರೂ ಪ್ರಭುಗಳೇ.

ಮಣ್ಣು ಅಗೆಯುವುದು ಹೀನವೆಂದು ಪ್ರಭುಗಳು ಹೇಳಿದರೆಂದು ಯಾರೂ ತಿಳಿಯಬಾರದು. ಶರಣಧರ್ಮದಲ್ಲಿ ಕಾಯಕಕ್ಕೆ ಮೇಲುಕೀಳಿಲ್ಲ. ಪ್ರಭುಗಳು ಪರೀಕ್ಷಿಸಿದುದು ಕೆಲಸವನ್ನಲ್ಲ, ಮನಸ್ಸನ್ನು. ಒಂದು ಮಾತಿಗೆ ಕದಡುವ ಮನಸ್ಸು ಎಷ್ಟು ಲಿಂಗಗಳನ್ನು ಸ್ಥಾಪಿಸಿದರೇನು? ಕೋಪವು ಹಗೆಯನ್ನು ಸುಡುವ ಮೊದಲು ತನ್ನ ಮನೆಯನ್ನೇ ಸುಡುವುದೆಂಬ ಸತ್ಯವು ಆ ಬೆಂಕಿಯ ಕಥೆಯಲ್ಲಿ ಅಡಗಿದೆ. ಸಿದ್ಧರಾಮರ ದೊಡ್ಡತನವಿರುವುದು ಇದರ ಮುಂದಿನ ನಡೆಯಲ್ಲಿ. ಊರಿಗೆ ಊರೇ ಪೂಜಿಸುತ್ತಿದ್ದ ಗುರುವು ತನ್ನ ಶಿಷ್ಯರ ಎದುರಿನಲ್ಲಿಯೇ ತಪ್ಪನ್ನು ಅರಿತು ತಲೆಬಾಗಿದನು. ಹೊರಗೆ ಕಟ್ಟಿದ ಗುಡಿಗಿಂತ ಒಳಗೆ ಕಟ್ಟಬೇಕಾದ ಗುಡಿಯೊಂದಿದೆಯೆಂಬುದನ್ನು ಒಪ್ಪಿ ಪ್ರಭುಗಳೊಡನೆ ಕಲ್ಯಾಣದತ್ತ ಹೆಜ್ಜೆಯಿಟ್ಟನು.

ಕಲ್ಯಾಣದಲ್ಲಿ ಮತ್ತೊಂದು ಪರೀಕ್ಷೆ ಕಾದಿತ್ತು. ಅಂಗದ ಮೇಲೆ ಇಷ್ಟಲಿಂಗವಿಲ್ಲದ ಶಿವಯೋಗಿಯನ್ನು ಶರಣರು ಪ್ರಶ್ನಿಸಿದರು. ಅಂತರಂಗದ ಅರಿವಿದ್ದವನಿಗೆ ಕುರುಹೇಕೆಂಬುದು ಸಿದ್ಧರಾಮರ ವಾದವಾಗಿತ್ತು. ಕೊನೆಗೆ ಅವರು ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು. ಒಳಗಿನ ಅರಿವಿಗೆ ಹೊರಗಿನ ಕುರುಹೂ, ಹೊರಗಿನ ಕುರುಹಿಗೆ ಒಳಗಿನ ಅರಿವೂ ಬೇಕು; ಒಂದನ್ನು ಬಿಟ್ಟು ಒಂದಿಲ್ಲ. ಕಪಿಲಸಿದ್ಧಮಲ್ಲಿಕಾರ್ಜುನನ ಅಂಕಿತದಲ್ಲಿ ಅವರು ರಚಿಸಿದ ವಚನಗಳಲ್ಲಿ ಸಾವಿರಕ್ಕೂ ಮಿಕ್ಕು ಇಂದು ದೊರೆಯುತ್ತವೆ. ಅವುಗಳಲ್ಲಿ ತನ್ನ ಹಿಂದಿನ ಕೊರತೆಯನ್ನು ಮುಚ್ಚಿಡದೆ ಒಪ್ಪಿಕೊಳ್ಳುವ ವಿನಯವೂ, ಗುರು ಚೆನ್ನಬಸವಣ್ಣನವರ ಸ್ಮರಣೆಯೂ ಎದ್ದು ಕಾಣುತ್ತವೆ. ಕಡೆಗೆ ಅವರು ಸೊನ್ನಲಿಗೆಯಲ್ಲಿಯೇ ಸಮಾಧಿಸ್ಥರಾದರು. ಕೆರೆಯ ನಡುವಣ ಅವರ ದೇಗುಲಕ್ಕೆ ಪ್ರತಿವರ್ಷ ಮಕರಸಂಕ್ರಮಣದ ಜಾತ್ರೆಯಲ್ಲಿ ಅಸಂಖ್ಯ ಭಕ್ತರು ಸೇರುತ್ತಾರೆ. ನಂದಿಧ್ವಜಗಳ ಮೆರವಣಿಗೆಯು ನಡೆಯುತ್ತದೆ.

ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರೂ ಈ ವಿಷಯವನ್ನು ಪರಿಶೀಲಿಸಿದ್ದಾರೆ. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಎಂಬ ವಿದ್ವಾಂಸನು ಧರ್ಮವನ್ನು ತನ್ನ ಪ್ರಯೋಜನಕ್ಕೆ ಬಳಸುವವರನ್ನೂ ಧರ್ಮವನ್ನೇ ಬಾಳುವವರನ್ನೂ ಬೇರ್ಪಡಿಸಿದನು. 1967ರಲ್ಲಿ ರಾಸ್ ಎಂಬಾತನೊಡನೆ ಪ್ರಕಟಿಸಿದ ಲೇಖನದಲ್ಲಿ, ಮೊದಲನೆಯ ಬಗೆಯವರಲ್ಲಿ ಅನ್ಯರ ಬಗೆಗಿನ ಪೂರ್ವಗ್ರಹವು ಹೆಚ್ಚಾಗಿ ಕಂಡುಬಂದುದನ್ನು ತೋರಿಸಿದನು. ಅಂಗದ ಮೇಲಣ ಲಿಂಗಕ್ಕೂ ಮನದ ಮೇಲಣ ಲಿಂಗಕ್ಕೂ ಇರುವ ಅಂತರವನ್ನು ಅರಿತಿದ್ದ ಶರಣರಿಗೆ ಇದು ಹೊಸ ಮಾತಲ್ಲ.

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯನ್ನು ಮುಗಿಸಿ ಮನೆಗೆ ಬರುವ ಗೃಹಸ್ಥನಿಗೆ ಕೆರೆ ಕಟ್ಟಿಸುವ ಶಕ್ತಿಯಿರಲಾರದು, ದೀರ್ಘವಾದ ಪೂಜೆಗೆ ಬಿಡುವೂ ಇರಲಾರದು. ಆದರೆ ಅಂಗೈಯಲ್ಲಿ ಲಿಂಗವನ್ನಿಟ್ಟು ಕುಳಿತ ಕ್ಷಣಕಾಲದಲ್ಲಿ ತನ್ನನ್ನು ತಾನು ಕೇಳಿಕೊಳ್ಳುವುದಕ್ಕೆ ಅಡ್ಡಿಯೇನು? ಇಂದು ಯಾರ ಮಾತಿಗೆ ನಾನು ಉರಿದೆ? ಆ ಉರಿಯಲ್ಲಿ ಬೆಂದವರು ಯಾರು? ಹೆಂಡತಿಯೋ, ಮಕ್ಕಳೋ, ನಾನೋ? ಪೂಜೆಯು ಫಲಿಸಿತೆಂಬುದಕ್ಕೆ ಗಂಟೆಯ ನಾದವು ಸಾಕ್ಷಿಯಲ್ಲ. ಪೂಜೆಯಿಂದೆದ್ದವನು ಆಡುವ ಮೊದಲ ಮಾತೇ ಸಾಕ್ಷಿ. ಕೋಪದ ಕಣ್ಣನ್ನು ಮುಚ್ಚಿ ಅರಿವಿನ ಕಣ್ಣನ್ನು ತೆರೆದ ಸಿದ್ಧರಾಮೇಶ್ವರರ ಸ್ಮರಣೆಯು ಆ ಮಾತನ್ನು ಮೃದುವಾಗಿಸಲಿ.