ಟ್ರೆಡ್‌ಮಿಲ್ ಹುಟ್ಟಿದ್ದು ಜೈಲಿನಲ್ಲೇ? ವಿಲಿಯಂ ಕ್ಯೂಬಿಟ್ ಕಥೆ ಮತ್ತು ನಿಮ್ಮ ಮನೆಯ ಹಳೇ ಯಂತ್ರ

ಟ್ರೆಡ್‌ಮಿಲ್ ಮೂಲತಃ ಬ್ರಿಟಿಷ್ ಜೈಲುಗಳ ಹಿಂಸೆಯ ಯಂತ್ರ, ಅದನ್ನೇ ದುಡ್ಡು ಕೊಟ್ಟು ಮನೆಗೆ ತಂದಿದ್ದೀರಿ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗಿಸುವ ಮನೆಗಳಲ್ಲಂತೂ ಇದು ಬೇಗ ಫಾರ್ವರ್ಡ್ ಆಗುತ್ತದೆ! ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯಲು ಒಬ್ಬ ಎಂಜಿನಿಯರ್‌ನ ಬದುಕನ್ನು ನೋಡೋಣ.

ವಿಲಿಯಂ ಕ್ಯೂಬಿಟ್ ಹುಟ್ಟಿದ್ದು 1785ರಲ್ಲಿ, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಡಿಲ್ಹ್ಯಾಮ್ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿಯವರು. ಮಗ ಮರಗೆಲಸ ಕಲಿತ. ಆಗ ಗಾಳಿಗಿರಣಿಯ ರೆಕ್ಕೆಗಳಿಗೆ ಬಟ್ಟೆ ಕಟ್ಟುತ್ತಿದ್ದರು. ಗಾಳಿ ಜೋರಾದರೆ ಗಿರಣಿ ನಿಲ್ಲಿಸಿ ಒಂದೊಂದೇ ರೆಕ್ಕೆಯ ಬಟ್ಟೆ ಸುತ್ತಬೇಕಿತ್ತು. 1807ರಲ್ಲಿ ಕ್ಯೂಬಿಟ್ ಪೇಟೆಂಟ್ ಪಡೆದ ರೆಕ್ಕೆಯಲ್ಲಿ ಬಟ್ಟೆಯ ಬದಲು ಸಣ್ಣ ಹಲಗೆಗಳಿದ್ದವು. ಗಾಳಿ ಹೆಚ್ಚಾದರೆ ಅವು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಕಡಿಮೆಯಾದರೆ ಮುಚ್ಚಿಕೊಳ್ಳುತ್ತಿದ್ದವು. ಗಿರಣಿಯವರ ಬೆವರು ಉಳಿಸಿದ ಮನುಷ್ಯ ಈತ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ.

ಮುಂದೆ ಇಪ್ಸ್‌ವಿಚ್‌ನ ರ‍್ಯಾನ್‌ಸಮ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದಾಗ, 1818ರ ಸುಮಾರಿಗೆ, ಬರಿ ಸೇಂಟ್ ಎಡ್ಮಂಡ್ಸ್ ಜೈಲಿನಲ್ಲಿ ಕೈದಿಗಳು ಸುಮ್ಮನೆ ಕೂತಿದ್ದನ್ನು ಕಂಡು ಆತನಿಗೆ ಈ ಚಕ್ರದ ಯೋಚನೆ ಬಂತು ಎಂಬ ಕಥೆಯಿದೆ. ಮನುಷ್ಯರು ತುಳಿದು ತಿರುಗಿಸುವ ಚಕ್ರ ರೋಮನ್ನರ ಕಾಲದಿಂದಲೂ ಇತ್ತು. ಅದನ್ನು ಶಿಕ್ಷೆಯ ಸಾಧನವಾಗಿ ರೂಪಿಸಿದ್ದು ಕ್ಯೂಬಿಟ್. ಉದ್ದನೆಯ ಉರುಳೆಯ ಸುತ್ತ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಂಬಿ, ಸಾಲಾಗಿ ನಿಂತ ಕೈದಿಗಳು. ಕಾಲಿಟ್ಟ ಮೆಟ್ಟಿಲು ದೇಹದ ಭಾರಕ್ಕೆ ಕೆಳಗಿಳಿಯುತ್ತದೆ, ಕೂಡಲೇ ಮುಂದಿನದಕ್ಕೆ ಹತ್ತಬೇಕು. ದಿನಕ್ಕೆ ಹಲವು ಗಂಟೆ ಹತ್ತಿದರೂ ಇದ್ದಲ್ಲೇ ಇರುತ್ತಿದ್ದರು. 1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿಗೆ ಬಂದ ಚಕ್ರ ಧಾನ್ಯ ಬೀಸುತ್ತಿತ್ತು. ಎಷ್ಟೋ ಜೈಲುಗಳಲ್ಲಿ ಅದು ಏನನ್ನೂ ಬೀಸುತ್ತಿರಲಿಲ್ಲ, ಬರೀ ಗಾಳಿ ತಿರುವುತ್ತಿತ್ತು. ನಮಗೆ ಅತ್ಯಂತ ಕ್ರೂರ ಅನ್ನಿಸುವುದು ಇದೇ. 1895ರಲ್ಲಿ ಜೈಲು ಸೇರಿದ ಸಾಹಿತಿ ಆಸ್ಕರ್ ವೈಲ್ಡ್ ಕೂಡ ಇದನ್ನು ತುಳಿದವರು.

ಕ್ಯೂಬಿಟ್ ಮಾತ್ರ ಕಾಲುವೆ, ರೈಲು ಹಾದಿಗಳ ಕೆಲಸದಲ್ಲಿ ಹೆಸರು ಮಾಡಿದ. ಡೋವರ್ ಬಳಿ ರೈಲು ಹಾದಿಗಾಗಿ 1843ರಲ್ಲಿ ಮದ್ದಿಟ್ಟು ಒಂದು ಕಡಲ ಬಂಡೆಯನ್ನೇ ಉರುಳಿಸಿದ. 1851ರ ಮಹಾ ಪ್ರದರ್ಶನದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಡದ ಉಸ್ತುವಾರಿಗಾಗಿ ಸರ್ ಪದವಿ ಬಂತು. 1861ರಲ್ಲಿ ತೀರಿಕೊಂಡ. ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಅದಕ್ಕೆ ಅಂತ್ಯ ಹಾಡಿದ್ದು 1898ರ ಬ್ರಿಟಿಷ್ ಜೈಲು ಕಾಯ್ದೆ.

ಹಾಗಾದರೆ ನಿಮ್ಮ ಮನೆಯಲ್ಲಿರುವುದು ಅದೇ ಯಂತ್ರವೇ? ಅಲ್ಲ, ಹೆಸರು ಮಾತ್ರ ಅದೇ. ಅಲ್ಲಿ ಕಾಲು ಚಕ್ರವನ್ನು ತಿರುಗಿಸುತ್ತಿತ್ತು, ಇಲ್ಲಿ ಮೋಟಾರ್ ಬೆಲ್ಟನ್ನು ಎಳೆಯುತ್ತದೆ. ಹಳೇ ಟ್ರೆಡ್‌ಮಿಲ್ ಕೈಕೊಡುವ ಒಂದು ಮುಖ್ಯ ಕಾರಣವೂ ಇಲ್ಲೇ ಇದೆ. ನೀವು ಕಾಲಿಟ್ಟಾಗಲೆಲ್ಲ ಬೆಲ್ಟು ಕೆಳಗಿನ ಹಲಗೆಗೆ ಒತ್ತಿ ಉಜ್ಜುತ್ತದೆ. ನಡುವಿನ ಎಣ್ಣೆ ಒಣಗಿದರೆ ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಬೆಲ್ಟು ತಡೆತಡೆದು ಓಡುತ್ತದೆ. ಹಾಗೆ ತಡೆದಾಗ ಓಡುತ್ತಿದ್ದವರು ಮುಗ್ಗರಿಸಬಹುದು, ವಯಸ್ಸಾದವರಿಗೆ ಇದು ಸಣ್ಣ ವಿಷಯವಲ್ಲ.

ಪ್ಲಗ್ ಕಿತ್ತು, ಬೆಲ್ಟಿನ ಅಂಚು ಎತ್ತಿ ಒಳಗೆ ಮುಟ್ಟಿ ನೋಡಿ. ಒಣಗಿದ್ದರೆ ತಯಾರಕರು ಹೇಳಿದ ಎಣ್ಣೆ ಹಾಕಿ, ಸಾಮಾನ್ಯವಾಗಿ ಅದು ಸಿಲಿಕೋನ್ ಎಣ್ಣೆ. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್ ಬೇಡ. ಎಣ್ಣೆಯೇ ಬೇಡದ ಮಾದರಿಗಳೂ ಇವೆ, ಕೈಪಿಡಿ ನೋಡಿಕೊಳ್ಳಿ. ಬೆಲ್ಟಿನ ಅಂಚು ಹರಿದಿದ್ದರೆ ಬೆಲ್ಟು ಬದಲಿಸಬೇಕು. ಸುಟ್ಟ ವಾಸನೆ ಬಂದರೆ ಮೆಕ್ಯಾನಿಕ್ ಬರುವವರೆಗೆ ಮತ್ತೆ ಹತ್ತಬೇಡಿ. ರಿಪೇರಿಗೆ ಮೀರಿದ್ದರೆ ಗುಜರಿಗೆ ಹಾಕುವ ಬದಲು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. ವಿದ್ಯುತ್ ಭಾಗಗಳಿರುವ ಕ್ರೀಡಾ ಸಲಕರಣೆಗಳು 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿವೆ.