ಮುಖವೊಂದೇ ಭಾಷೆಯಲ್ಲ

ಹಲಸೂರಿನ ನಮ್ಮ ಮನೆಯಲ್ಲಿ ಹುಟ್ಟು ಕಿವುಡರಾದ ಸೋದರಮಾವ ಒಬ್ಬರಿದ್ದರು. ನಾವೆಲ್ಲ ಶಿವಾಜಿನಗರದ ಎಲ್ಜಿನ್ ಚಿತ್ರಮಂದಿರಕ್ಕೆ ಹೊರಟರೆ ಅವರು ಮನೆಯಲ್ಲೇ ಉಳಿಯುತ್ತಿದ್ದರು. ಟೀವಿಯಲ್ಲಿ ಚಾರ್ಲಿ ಚಾಪ್ಲಿನ್ ಬಂದರೆ ಮಾತ್ರ ನಮಗಿಂತ ಮೊದಲು ನಗುತ್ತಿದ್ದರು. ಮುಖ ಓದುವ ವಿದ್ಯೆ ಕಿವುಡರಿಗೆ ಹುಟ್ಟಿನಿಂದಲೇ ಬರುತ್ತದೆಂದು ನಾವು ನಂಬಿದ್ದೆವು.

ಚಾಪ್ಲಿನ್‌ಗೂ ಅದು ಹುಟ್ಟಿನಿಂದ ಬಂದದ್ದಲ್ಲ. 1889ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅವರ ಬಾಲ್ಯ ಕಡುಬಡತನದ್ದು. ಏಳನೆಯ ವಯಸ್ಸಿಗೇ ನಿರ್ಗತಿಕರ ಗೃಹ ಸೇರಬೇಕಾಯಿತು. ರಂಗಗಾಯಕಿಯಾಗಿದ್ದ ತಾಯಿ ಹಾನ್ನಾ ಕಿಟಕಿಯ ಬಳಿ ಕುಳಿತು ದಾರಿಹೋಕರನ್ನು ಅನುಕರಿಸುತ್ತ, ಅವರ ಮನಸ್ಸಿನಲ್ಲೇನಿದೆ ಎಂಬುದನ್ನು ಮಗನಿಗೆ ಬಿಡಿಸಿ ಹೇಳುತ್ತಿದ್ದರು. ಮುಖದ ಜೊತೆಗೆ ವಿವರಣೆಯೂ ಇತ್ತು ಎಂಬುದೇ ಇಲ್ಲಿ ಮುಖ್ಯ.

1914ರಲ್ಲಿ ಅವರು ಚಿತ್ರರಂಗ ಪ್ರವೇಶಿಸಿದರು. ಎಳವೆಯಲ್ಲೇ ಶ್ರವಣಶಕ್ತಿ ಕಳೆದುಕೊಂಡು, ಕಿವುಡರ ಶಾಲೆಯಲ್ಲಿ ಕಲಿತ ಕಲಾವಿದ ಗ್ರ್ಯಾನ್‌ವಿಲ್ ರೆಡ್ಮಂಡ್ ಅವರ ಗೆಳೆಯರಾದರು. ಚಾಪ್ಲಿನ್ ತಮ್ಮ ಸ್ಟುಡಿಯೋದಲ್ಲಿ ಅವರಿಗೆ ಚಿತ್ರ ಬರೆಯಲು ಸ್ಥಳ ಕೊಟ್ಟರು, ಸನ್ನೆಗಳಲ್ಲೇ ಸಂಭಾಷಿಸಿದರು, 1918ರ ‘ಎ ಡಾಗ್ಸ್ ಲೈಫ್’, 1931ರ ‘ಸಿಟಿ ಲೈಟ್ಸ್’ ಚಿತ್ರಗಳಲ್ಲಿ ಪಾತ್ರ ನೀಡಿದರು. ವಾಕ್ಚಿತ್ರ ಬಂದು ಕಿವುಡರಿಗೆ ಸಿನಿಮಾದ ಬಾಗಿಲು ಮುಚ್ಚುತ್ತಿದ್ದಾಗಲೂ ‘ಸಿಟಿ ಲೈಟ್ಸ್’ ಸಂಭಾಷಣೆಯಿಲ್ಲದೆ ತೆರೆಕಂಡಿತು. 1940ರ ‘ದ ಗ್ರೇಟ್ ಡಿಕ್ಟೇಟರ್’ನಲ್ಲಿ ಅವರು ಪೂರ್ಣವಾಗಿ ಮಾತಿಗೆ ಒಲಿದರು. 1977ರ ಕ್ರಿಸ್‌ಮಸ್ ದಿನ ನಿಧನರಾದರು.

ಕಿವುಡರು ಭಾವಗಳನ್ನು ಗುರುತಿಸುವುದರಲ್ಲಿ ಇತರರಿಗಿಂತ ಮೇಲು ಎಂದು ಅಧ್ಯಯನಗಳು ಒಮ್ಮತದಿಂದ ಹೇಳುವುದಿಲ್ಲ. ಎಳವೆಯಲ್ಲಿ ಭಾಷೆಯೇ ದೊರೆಯದ ಮಕ್ಕಳು ಹಲವು ವೇಳೆ ಇದರಲ್ಲಿ ಹಿಂದುಳಿಯುತ್ತಾರೆ. ಸಂಜ್ಞಾ ಭಾಷೆಯಲ್ಲಿ ಏರಿಸಿದ ಹುಬ್ಬು ಅಚ್ಚರಿಯೇ ಆಗಬೇಕಿಲ್ಲ, ಪ್ರಶ್ನೆಯ ಗುರುತೂ ಆಗಬಹುದು. ಆ ವ್ಯಾಕರಣವನ್ನೂ ಯಾರಾದರೂ ಕಲಿಸಬೇಕು.

ಮಾವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಾಪ್ಲಿನ್ ಜಾರಿ ಬಿದ್ದಾಗ ನಗುತ್ತಿದ್ದ ಅವರು ‘ಸಿಟಿ ಲೈಟ್ಸ್’ನ ಕೊನೆಯ ದೃಶ್ಯದಲ್ಲಿ, ನಗಬೇಕೋ ಅಳಬೇಕೋ ತಿಳಿಯದೆ, ನಮ್ಮ ಮುಖಗಳತ್ತ ನೋಡುತ್ತಿದ್ದರು. ನಾವು ಪರದೆ ನೋಡುತ್ತಿದ್ದೆವು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಿಕ್ಷಣದಲ್ಲಿ ಸಂಜ್ಞಾ ಭಾಷೆಗೆ ಸ್ಥಾನ ಕೊಟ್ಟಿದೆ. ಆದರೆ ಹಲಸೂರಾಗಲಿ, ಕೆ.ಆರ್. ಪುರವಾಗಲಿ, ಕಿವುಡು ಮಗುವಿನ ಮೊದಲ ಪಾಠ ನಡೆಯಬೇಕಾದದ್ದು ಮನೆಯಲ್ಲಿ. ಹಾನ್ನಾ ಮಗನಿಗಾಗಿ ಕಿಟಕಿಯ ಬಳಿ ಮಾಡಿದ್ದನ್ನು ನಮ್ಮ ಮನೆಯಲ್ಲಿ ಮಾವನಿಗಾಗಿ ಯಾರೂ ಮಾಡಲಿಲ್ಲ.