ಹನಿ ನೀರಿನಲ್ಲಿ ಲೋಕ ಕಂಡ ಜವಳಿ ವ್ಯಾಪಾರಿ

ಬ್ಯಾಕ್ಟೀರಿಯಾ ಎಂಬ ಹೆಸರನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಅವುಗಳನ್ನು ಮೊತ್ತಮೊದಲು ಕಣ್ಣಾರೆ ಕಂಡವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಒಬ್ಬ ಜವಳಿ ವ್ಯಾಪಾರಿ, ಆಂಟೋನಿ ವಾನ್ ಲೇವೆನ್‌ಹುಕ್. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಆ ಕಾಲದ ಪಂಡಿತರ ಭಾಷೆಯಾದ ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ. ತಾಯ್ನುಡಿಯಾದ ಡಚ್ ಒಂದರಲ್ಲೇ ಅವರು ಬದುಕಿನುದ್ದಕ್ಕೂ ಬರೆದರು.

ಲೇವೆನ್‌ಹುಕ್ ಹುಟ್ಟಿದ್ದು 1632ರ ಅಕ್ಟೋಬರ್ 24ರಂದು. ತಂದೆ ಬುಟ್ಟಿ ಹೆಣೆಯುವ ಕಸುಬಿನವರು; ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. 16ನೆಯ ವಯಸ್ಸಿಗೆ ಹುಡುಗ ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಹೋದ. 1654ರಲ್ಲಿ ಊರಿಗೆ ಮರಳಿ, ಬಾರ್ಬರಾ ಎಂಬವರನ್ನು ಮದುವೆಯಾಗಿ, ಸ್ವಂತ ಜವಳಿ ಅಂಗಡಿ ತೆರೆದರು. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಹೋದರು. 1666ರಲ್ಲಿ ಹೆಂಡತಿಯೂ ತೀರಿಕೊಂಡರು. ಉಳಿದವಳು ಮಗಳು ಮರಿಯ ಒಬ್ಬಳೇ. ಮುಂದೆ ಅವರು ಮರುಮದುವೆಯಾದರು. ವ್ಯಾಪಾರದ ಜೊತೆಗೆ ನಗರಾಡಳಿತದ ಒಂದು ಉದ್ಯೋಗವೂ ಇತ್ತು.

ಬಟ್ಟೆಯ ನೂಲು ಎಷ್ಟು ಒತ್ತಾಗಿದೆ ಎಂದು ನೋಡಲು ಜವಳಿ ವ್ಯಾಪಾರಿಗಳು ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರು. ಲೇವೆನ್‌ಹುಕ್ ತಾವೇ ಮಸೂರಗಳನ್ನು ತಯಾರಿಸಲು ಕಲಿತರು. ಸಣ್ಣ ಮಣಿಯಷ್ಟಿದ್ದ ಆ ಮಸೂರವನ್ನು ಎರಡು ಲೋಹದ ತಗಡುಗಳ ನಡುವೆ ಸಿಕ್ಕಿಸಿ, ನೋಡಬೇಕಾದ ವಸ್ತುವನ್ನು ಒಂದು ಸೂಜಿಯ ಮೊನೆಗೆ ಅಂಟಿಸಿ, ತಿರುಪು ತಿರುಗಿಸುತ್ತಾ, ಕಣ್ಣಿಗೆ ಒತ್ತಿ ಹಿಡಿದು ಬೆಳಕಿನತ್ತ ನೋಡುತ್ತಿದ್ದರು. ಅಂಗೈಯೊಳಗೆ ಅಡಗುವಷ್ಟು ಪುಟ್ಟ ಉಪಕರಣ ಅದು. ಇಂದಿಗೂ ಉಳಿದಿರುವವುಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಅವರು ಮೊದಲು ನೋಡಿದ್ದು ಮನೆಯಲ್ಲಿ ಸಿಗುವ ವಸ್ತುಗಳನ್ನೇ: ಬೂಷ್ಟು, ಜೇನುನೊಣದ ಕೊಂಡಿ, ಹೇನು. ಅದೇ ಊರಿನ ಕಥೋಲಿಕ ವೈದ್ಯ ರೇನಿಯರ್ ಡಿ ಗ್ರಾಫ್ ಇದನ್ನೆಲ್ಲ ಕಂಡು, 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಆಗ ಇಂಗ್ಲೆಂಡಿಗೂ ಹಾಲೆಂಡಿಗೂ ಯುದ್ಧ ನಡೆಯುತ್ತಿತ್ತು. ಆದರೂ ಲಂಡನ್ನಿನವರು ಶತ್ರುದೇಶದ ಈ ಅಂಗಡಿಯವರ ಪತ್ರವನ್ನು ಅನುವಾದಿಸಿ ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿದರು. ಮನೆಯಲ್ಲೊಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂದು ಬದುಕುವ ನಮಗೆ ಇದರ ಬೆಲೆ ಗೊತ್ತು. ಭಾಷೆ ಬಾರದವನೆಂದು ಅವರು ಹಿಂಜರಿಯಲಿಲ್ಲ. ನಮ್ಮ ಭಾಷೆಯಲ್ಲಿಲ್ಲವೆಂದು ಇವರು ತಳ್ಳಿಹಾಕಲೂ ಇಲ್ಲ.

1674ರಲ್ಲಿ ಊರ ಬಳಿಯ ಕೆರೆಯ ನೀರನ್ನು ತಂದು ನೋಡಿದಾಗ, ಅದರಲ್ಲಿ ಪುಟ್ಟಪುಟ್ಟ ಜೀವಿಗಳು ಓಡಾಡುತ್ತಿದ್ದವು. ಆಮೇಲೆ ಅವರಿಗೆ ಒಂದು ಪ್ರಶ್ನೆ ಹುಟ್ಟಿತು: ಕರಿಮೆಣಸು ಏಕೆ ಖಾರ? ನಮ್ಮ ತೋಟಗಳಲ್ಲಿ ಮರಕ್ಕೆ ಹಬ್ಬುವ ಬಳ್ಳಿಯ ಅದೇ ಕರಿಮೆಣಸು. ಅದರ ಕಣಗಳಿಗೆ ಮುಳ್ಳಿರಬಹುದೇ ಎಂದುಕೊಂಡು ನೀರಿನಲ್ಲಿ ನೆನೆಹಾಕಿದರು. ಕೆಲವು ವಾರಗಳ ಬಳಿಕ ನೋಡಿದರೆ ಮುಳ್ಳು ಸಿಗಲಿಲ್ಲ. ಆ ನೀರಿನಲ್ಲಿ ಅವರು ಈವರೆಗೆ ಕಂಡವುಗಳಿಗಿಂತಲೂ ಬಹಳ ಸಣ್ಣ ಜೀವಿಗಳು ತುಂಬಿಕೊಂಡಿದ್ದವು. 1676ರ ಅಕ್ಟೋಬರಿನಲ್ಲಿ ಇದನ್ನು ವಿವರವಾಗಿ ಲಂಡನ್ನಿಗೆ ಬರೆದರು.

ಈ ಸಲ ಅಲ್ಲಿಯವರು ಸುಲಭವಾಗಿ ನಂಬಲಿಲ್ಲ. ಒಂದು ಹನಿಯಲ್ಲಿ ಸಾವಿರಾರು ಜೀವಿಗಳೆಂದರೆ ಯಾರು ತಾನೇ ನಂಬಿಯಾರು? ಲೇವೆನ್‌ಹುಕ್ ಸಿಟ್ಟಾಗಿ ಕೂರಲಿಲ್ಲ. ಊರಿನ ಗಣ್ಯರನ್ನು ಮನೆಗೆ ಕರೆದು ತೋರಿಸಿದರು. ಸಭಾಪಾಲಕರೂ ಸೇರಿದಂತೆ ಎಂಟು ಮಂದಿ ತಾವು ಕಂಡದ್ದು ನಿಜವೆಂದು ಬರೆದುಕೊಟ್ಟರು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಲಂಡನ್ನಿನಲ್ಲೇ ಪ್ರಯೋಗ ಮಾಡಿ, ಸೊಸೈಟಿಯ ಸದಸ್ಯರಿಗೆ ಆ ಜೀವಿಗಳನ್ನು ತೋರಿಸಿದರು. 1680ರಲ್ಲಿ ಆ ಜವಳಿ ವ್ಯಾಪಾರಿಯನ್ನು ಸೊಸೈಟಿಯ ಸದಸ್ಯರನ್ನಾಗಿ ಆರಿಸಲಾಯಿತು.

ಲೇವೆನ್‌ಹುಕ್ ತಮ್ಮ ಹಲ್ಲುಗಳನ್ನು ಉಪ್ಪಿನಿಂದ ತಿಕ್ಕಿ ಚೊಕ್ಕಟವಾಗಿಡುತ್ತಿದ್ದರು. ಆದರೂ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ತೆಗೆದು ನೋಡಿದಾಗ ಅಲ್ಲೂ ಜೀವಿಗಳ ಸಂತೆಯೇ ನೆರೆದಿತ್ತು. 1683ರಲ್ಲಿ ಅದನ್ನೂ ಚಿತ್ರಸಹಿತ ಬರೆದು ಕಳುಹಿಸಿದರು. ಕಾಳಿನ ಹುಳು ಕಾಳಿನಿಂದಲೇ, ಚಿಗಟ ಧೂಳಿನಿಂದಲೇ ತಾನಾಗಿ ಹುಟ್ಟುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಅವರು ಅವುಗಳನ್ನು ಸಾಕಿ, ಮೊಟ್ಟೆಯಿಂದ ಮರಿ ಬರುವುದನ್ನು ಕಾದು ನೋಡಿ, ಪ್ರತಿ ಜೀವಿಗೂ ತಂದೆತಾಯಿ ಇರುತ್ತಾರೆಂದು ತೋರಿಸಿದರು. ಇಷ್ಟು ಕಿರಿದಾದ ಚಿಗಟದ ದೇಹದಲ್ಲೂ ಇಂಥ ಅಚ್ಚುಕಟ್ಟು ಕಂಡಾಗ ಅವರ ಮನಸ್ಸು ಸೃಷ್ಟಿಕರ್ತನತ್ತ ಹೊರಳುತ್ತಿತ್ತು.

1698ರಲ್ಲಿ ರಷ್ಯಾದ ದೊರೆ ಪೀಟರ್ ಅವರನ್ನು ಕರೆಸಿಕೊಂಡು, ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ಮಸೂರದ ಮೂಲಕ ನೋಡಿದ. ಲೇವೆನ್‌ಹುಕ್ 500ಕ್ಕೂ ಹೆಚ್ಚು ಮಸೂರಗಳನ್ನು ಮಾಡಿದರೂ ಒಂದನ್ನೂ ಮಾರಲಿಲ್ಲ. ಒಂದು ಕೊರತೆಯನ್ನೂ ಹೇಳಬೇಕು: ತಮ್ಮ ಅತ್ಯುತ್ತಮ ವಿಧಾನವನ್ನು ಅವರು ಯಾರಿಗೂ ಕಲಿಸಲಿಲ್ಲ. ಹೀಗಾಗಿ ಅವರ ನಂತರ ಈ ಕೆಲಸ ಬಹುಕಾಲ ಕುಂಟಿತು. ಈ ಜೀವಿಗಳಲ್ಲಿ ಕೆಲವು ರೋಗ ತರುತ್ತವೆಂದು ಪ್ಯಾಶ್ಚರ್, ಕಾಕ್ ಮುಂತಾದವರು ಸಾಬೀತುಪಡಿಸಲು ಸುಮಾರು 200 ವರ್ಷ ಬೇಕಾಯಿತು.

50 ವರ್ಷಗಳಲ್ಲಿ ಅವರು ರಾಯಲ್ ಸೊಸೈಟಿಗೆ ಬರೆದ ಪತ್ರಗಳು ಸುಮಾರು 190. ಕೊನೆಯ ಕಾಯಿಲೆಯಲ್ಲೂ ತಮ್ಮ ರೋಗದ ಲಕ್ಷಣಗಳನ್ನು ಗಮನಿಸಿ ಬರೆಸಿದರು. 1723ರ ಆಗಸ್ಟ್ 26ರಂದು, 90ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ತಂದೆ ಹೇಳಿದ್ದಂತೆ ಮರಿಯ 26 ಬೆಳ್ಳಿಯ ಸೂಕ್ಷ್ಮದರ್ಶಕಗಳಿದ್ದ ಪೆಟ್ಟಿಗೆಯನ್ನು ಸೊಸೈಟಿಗೆ ಕಳುಹಿಸಿಕೊಟ್ಟಳು.

ಮೆಣಸು ಏಕೆ ಖಾರ ಎಂದು ಮನೆಯ ಮಗು ಕೇಳಿದರೆ, ಸುಮ್ಮನಿರು ಎನ್ನಬೇಡಿ. ಪೇಟೆಯಲ್ಲಿ ಸಿಗುವ ಸಾಧಾರಣ ಭೂತಗನ್ನಡಿಯೊಂದನ್ನು ತಂದುಕೊಡಿ. ಇರುವೆಯ ಕಾಲು, ಎಲೆಯ ನರ, ತನ್ನದೇ ಅಂಗಿಯ ನೂಲು, ಇಷ್ಟನ್ನು ಅದು ನೋಡಲಿ. ಕಂಡದ್ದನ್ನು ಕನ್ನಡದಲ್ಲೇ ಬರೆದಿಡಲಿ.